ಸೈನಸ್‌ನೊಳಗಿನ ಸಿಸ್ಟ್, ನೋಯದ ದವಡೆಹಲ್ಲು ಮತ್ತು ಬಯಾಪ್ಸಿ ವರದಿಯ ಒಂದು ಸಾಲು

ಪ್ರಶ್ನೆ: ನನಗೆ 47 ವರ್ಷ. ಏಳು ವರ್ಷಗಳ ಹಿಂದೆ ಬಲಗಡೆಯ ಮೇಲಿನ ಮೊದಲ ದವಡೆಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿಕೊಂಡಿದ್ದೆ. ಎರಡು ವರ್ಷಗಳಿಂದ ಬಲಗೆನ್ನೆ ಭಾರವಾಗಿದೆ. ಮೂಗಿನ ಬಲ ಹೊಳ್ಳೆಯಿಂದ ಮಾತ್ರ ಹಳದಿ ಸೋರಿಕೆ, ಕೊಳೆತ ವಾಸನೆ. ಸ್ಕ್ಯಾನ್‌ನಲ್ಲಿ ಬಲಗಡೆಯ ಮ್ಯಾಕ್ಸಿಲರಿ ಸೈನಸ್‌ನಲ್ಲಿ ಸಿಸ್ಟ್ (ದ್ರವ ತುಂಬಿದ ಚೀಲ) ಇದೆ ಎಂದು ಬಂತು. ಇಎನ್‌ಟಿ ವೈದ್ಯರು ಎಂಡೋಸ್ಕೋಪಿ ಮೂಲಕ ತೆಗೆದರು. ಬಯಾಪ್ಸಿ ವರದಿಯಲ್ಲಿ ‘ದೀರ್ಘಕಾಲದ ಉರಿಯೂತ, ಸ್ಕ್ವಾಮಸ್ ಮೆಟಾಪ್ಲೇಸಿಯಾ, ಕೊಲೆಸ್ಟರಾಲ್ ಕ್ಲೆಫ್ಟ್‌ಗಳು’ ಎಂದಿದೆ. ಇದು ಕ್ಯಾನ್ಸರ್‌ನ ಮೊದಲ ಹಂತವೇ? ನಾಲ್ಕು ತಿಂಗಳಿಗೆ ವಾಸನೆ ಮರಳಿ ಬಂದಿದೆ. ಈಗ ದಂತವೈದ್ಯರು ಹಲ್ಲನ್ನೇ ಅನುಮಾನಿಸುತ್ತಿದ್ದಾರೆ. ಆದರೆ ಆ ಹಲ್ಲು ಒಂದು ದಿನವೂ ನೋಯಲಿಲ್ಲ. ಇನ್ನೊಂದು ಮಾತು: 16 ವರ್ಷದ ಮಗಳಿಗೆ ಕ್ಲಿಪ್ ಹಾಕಿಸಲು ತೆಗೆಸಿದ, ಇಡೀ ದವಡೆ ತೋರಿಸುವ ಒಪಿಜಿ ಎಕ್ಸ್‌ರೇಯಲ್ಲೂ ಸೈನಸ್‌ನಲ್ಲಿ ಗುಮ್ಮಟದಂಥ ನೆರಳು ಕಂಡಿದೆ. ಇದು ವಂಶದಲ್ಲಿ ಬರುವ ಕಾಯಿಲೆಯೇ?

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನೀವು ಬರೆದಿರುವ ಮೂರು ಸಂಗತಿಗಳಲ್ಲಿ ಯಾವುದೂ ಕ್ಯಾನ್ಸರ್ ಅಲ್ಲ. ಬಹಳ ಕಾಲ ಕೆರಳಿದ ಪೊರೆಯೊಂದು ಹೇಗಾಗುತ್ತದೋ ಅದನ್ನು ಆ ಸಾಲು ಹೇಳುತ್ತಿದೆ, ಅಷ್ಟೇ. ಕೆರಳಿಸಿದ್ದು ಯಾವುದು ಎಂಬುದನ್ನು ಅದು ಹೇಳುತ್ತಿಲ್ಲ. ಹೇಳಲು ಅದಕ್ಕೆ ಸಾಧ್ಯವೂ ಇಲ್ಲ. ನಿಮ್ಮ ವಾಸನೆ ಮರಳಿ ಬಂದಿರುವುದಕ್ಕೆ ಕಾರಣ ಅಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ: ಸಿಸ್ಟ್ ಹೋಯಿತು, ಅದಕ್ಕೆ ಮೂಲವಾದದ್ದು ಉಳಿಯಿತು. ನಿಮ್ಮ ದಂತವೈದ್ಯರ ಅನುಮಾನಕ್ಕೆ ಬಲವಾದ ಆಧಾರವಿದೆ.

ಕೆನ್ನೆಯ ಹಿಂದೆ ಮೇಲಿನ ದವಡೆಯ ಮೂಳೆಯೊಳಗಿರುವ ಈ ಟೊಳ್ಳು, ಅಂದರೆ ಮ್ಯಾಕ್ಸಿಲರಿ ಸೈನಸ್, ಮುಖದ ಸೈನಸ್‌ಗಳಲ್ಲೆಲ್ಲ ದೊಡ್ಡದು. ವಯಸ್ಕರಲ್ಲಿ ಸುಮಾರು 12ರಿಂದ 15 ಮಿಲಿಲೀಟರ್ ಗಾಳಿ ಹಿಡಿಯುತ್ತದೆ. ಇದರ ತಳವೇ ಮೇಲಿನ ದವಡೆಹಲ್ಲುಗಳ ಬೇರುಗಳ ನೆತ್ತಿ. ಸುಮಾರು ಹನ್ನೆರಡನೆಯ ವಯಸ್ಸಿನವರೆಗೆ ಸೈನಸ್‌ನ ತಳ ಮೂಗಿನ ತಳದ ಮಟ್ಟಕ್ಕಿಂತ ಮೇಲೆಯೇ ಇರುತ್ತದೆ. ಶಾಶ್ವತ ಹಲ್ಲುಗಳು ಇಳಿದಂತೆ ಅದೂ ಕೆಳಗಿಳಿಯುತ್ತದೆ. ಎರಡನೆಯ ದವಡೆಹಲ್ಲಿನ ಮತ್ತು ಮೊದಲನೆಯದರ ಬೇರುಗಳು ಎಲ್ಲಕ್ಕಿಂತ ಹತ್ತಿರದವು. ಕೆಲವರಲ್ಲಿ ನಡುವೆ ಕೆಲವು ಮಿಲಿಮೀಟರ್ ಮೂಳೆ ಇರುತ್ತದೆ, ಕೆಲವರಲ್ಲಿ ಕಾಗದದಷ್ಟು ತೆಳುವಾದ ಪದರ. ಇನ್ನು ಕೆಲವರಲ್ಲಿ ಮೂಳೆಯೇ ಇಲ್ಲ. ಬೇರಿನ ತುದಿ ಸೈನಸ್‌ನ ಲೋಳೆಪೊರೆಗೆ ನೇರವಾಗಿ ತಾಗಿಕೊಂಡಿರುತ್ತದೆ.

ಈ ನೆರೆಹೊರೆಯ ವಿಷಯ ವೈದ್ಯರಿಗೆ ಹೊಸದೇನಲ್ಲ. ಇಂಗ್ಲೆಂಡಿನ ವೈದ್ಯ ನಥೇನಿಯಲ್ ಹೈಮೋರ್ 1651ರಲ್ಲಿ ಪ್ರಕಟಿಸಿದ ಅಂಗರಚನಾಶಾಸ್ತ್ರದ ಗ್ರಂಥದಲ್ಲಿ ಈ ಟೊಳ್ಳನ್ನು ವಿವರಿಸುವಾಗ ಒಬ್ಬ ಹೆಂಗಸಿನ ಕಥೆ ಹೇಳುತ್ತಾನೆ. ಮೇಲಿನ ಕೋರೆಹಲ್ಲು ಕೀಳಿಸಿದ ಮೇಲೆ ಆ ಕುಳಿಯಿಂದ ಸೋರಿಕೆ ನಿಲ್ಲಲಿಲ್ಲ. ಆಕೆ ಒಂದು ಹಕ್ಕಿಯ ಗರಿಯನ್ನು ತೂರಿಸಿ ನೋಡಿದಳು. ಗರಿ ಒಳಗೊಳಗೇ ಹೋಗುತ್ತಿದ್ದುದನ್ನು ಕಂಡು, ಮೆದುಳಿಗೇ ತಾಗಿತೇನೋ ಎಂದು ಹೆದರಿ ವೈದ್ಯನ ಬಳಿಗೆ ಓಡಿದಳು. ಗರಿ ಹೋದದ್ದು ಸೈನಸ್‌ಗೆ. ಮೂರೂಮುಕ್ಕಾಲು ಶತಮಾನದ ನಂತರವೂ ಹಲ್ಲು ಒಬ್ಬ ವೈದ್ಯರಿಗೆ, ಸೈನಸ್ ಇನ್ನೊಬ್ಬ ವೈದ್ಯರಿಗೆ ಎಂದು ನಾವು ಪಾಲು ಮಾಡಿಕೊಂಡು ಕುಳಿತಿದ್ದೇವೆ. ರೋಗಿಗೆ ಇರುವುದು ಮಾತ್ರ ಒಂದೇ ಮೂಳೆ.

ಇನ್ನು ‘ಸಿಸ್ಟ್’. ಸ್ಕ್ಯಾನ್ ವರದಿಯಲ್ಲಿ ಈ ಒಂದು ಪದದಡಿ ಬೇರೆಬೇರೆ ಹುಟ್ಟಿನ ನಾಲ್ಕೈದು ವಸ್ತುಗಳು ಸೇರಿಕೊಳ್ಳುತ್ತವೆ. ಅತಿ ಸಾಮಾನ್ಯವಾದದ್ದು ಹುಸಿ ಸಿಸ್ಟ್. ಸೈನಸ್‌ನ ಲೋಳೆಪೊರೆಯ ಅಡಿಯಲ್ಲಿ ಉರಿಯೂತದ ತಿಳಿಹಳದಿ ದ್ರವ ಸೇರಿ, ಪೊರೆ ಗುಮ್ಮಟದ ಹಾಗೆ ಮೇಲೆದ್ದಿರುತ್ತದೆ. ದ್ರವದ ಸುತ್ತ ಅದರದೇ ಆದ ಒಳಗೋಡೆ ಇರುವುದಿಲ್ಲ, ಆದ್ದರಿಂದ ‘ಹುಸಿ’. ಬೇರೆ ಯಾವುದೋ ಕಾರಣಕ್ಕೆ ತೆಗೆದ ಎಕ್ಸ್‌ರೇಯಲ್ಲಿ ಅಕಸ್ಮಾತ್ತಾಗಿ ಕಾಣುತ್ತದೆ. ಹೆಚ್ಚಿನವರಿಗೆ ಯಾವ ತೊಂದರೆಯೂ ಇರುವುದಿಲ್ಲ, ಎಷ್ಟೋ ಬಾರಿ ತಾನಾಗಿಯೇ ಇಳಿದುಹೋಗುತ್ತದೆ. ಎರಡನೆಯದು ಲೋಳೆಗ್ರಂಥಿಯೊಂದರ ನಾಳ ಕಟ್ಟಿಕೊಂಡು ಆಗುವ ಪುಟ್ಟ ಸಿಸ್ಟ್. ಅದು ಎಕ್ಸ್‌ರೇಗೆ ಕಾಣುವಷ್ಟು ಬೆಳೆಯುವುದೇ ಅಪರೂಪ. ಮೂರನೆಯದು ಮ್ಯೂಕೊಸೀಲ್. ಸೈನಸ್‌ನ ಬಾಯಿಯೇ ಮುಚ್ಚಿಹೋಗಿ ಇಡೀ ಟೊಳ್ಳು ಲೋಳೆಯಿಂದ ತುಂಬಿ, ಮೂಳೆಯ ಗೋಡೆಗಳನ್ನು ಹಿಗ್ಗಿಸಿ ಸವೆಸುತ್ತದೆ. ಇದನ್ನು ಬಿಟ್ಟು ಕುಳಿತುಕೊಳ್ಳುವಂತಿಲ್ಲ. ಹಿಂದೆ ತುಟಿಯಡಿಯಿಂದ ಮೂಳೆ ಕೊರೆದು ಸೈನಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಹತ್ತಿಪ್ಪತ್ತು ವರ್ಷಗಳ ನಂತರ ಕಾಣಿಸಿಕೊಳ್ಳುವ ಇನ್ನೊಂದು ಬಗೆಯ ಸಿಸ್ಟ್ ಉಂಟು. ಜಪಾನಿನ ವೈದ್ಯಕೀಯ ಬರಹಗಳಲ್ಲಿ ಅದರ ಪ್ರಸ್ತಾಪ ಹೆಚ್ಚು. ಅದು ನಿಮಗೆ ಸಂಬಂಧಿಸಿದ್ದಲ್ಲ.

ನಿಮಗೆ ಸಂಬಂಧಿಸಿರಬಹುದಾದದ್ದು ಹಲ್ಲಿನ ಬೇರಿನ ತುದಿಯಲ್ಲಿ ಹುಟ್ಟಿ ಸೈನಸ್‌ಗೆ ನುಗ್ಗುವ ಸಿಸ್ಟ್. ದವಡೆಯ ಸಿಸ್ಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ. ಹುಳುಕು ಆಳಕ್ಕಿಳಿದು ಹಲ್ಲಿನೊಳಗಿನ ನರ ಮತ್ತು ರಕ್ತನಾಳ ಸತ್ತಾಗ, ಬೇರಿನ ಕಾಲುವೆಯಲ್ಲಿ ಬ್ಯಾಕ್ಟೀರಿಯಾ ನೆಲೆಸುತ್ತವೆ. ಅವುಗಳ ವಿಷ ಬೇರಿನ ತುದಿಯಿಂದ ಮೂಳೆಗೆ ಸೋರುತ್ತದೆ. ಬೇರು ರೂಪುಗೊಂಡ ಕಾಲದಿಂದ ಸುತ್ತಲೂ ಮಲಗಿಕೊಂಡಿರುವ ಜೀವಕೋಶಗಳ ಪುಟ್ಟ ಗುಂಪುಗಳಿರುತ್ತವೆ; 19ನೇ ಶತಮಾನದ ಫ್ರೆಂಚ್ ವಿಜ್ಞಾನಿ ಮಲಾಸೆಯ ಹೆಸರಿನಲ್ಲಿ ಅವನ್ನು ಗುರುತಿಸುತ್ತೇವೆ. ಉರಿಯೂತ ಅವುಗಳನ್ನು ಎಬ್ಬಿಸುತ್ತದೆ. ಅವು ಬೆಳೆದು, ಒಳಗೆ ಟೊಳ್ಳಾಗಿ, ವರ್ಷಗಟ್ಟಲೆ ಹಿಗ್ಗುತ್ತಾ ಹೋಗುತ್ತವೆ. ಕೆಳದವಡೆಯಲ್ಲಾದರೆ ಗಟ್ಟಿ ಮೂಳೆ ಎದುರಾಗುತ್ತದೆ. ಮೇಲಿನ ದವಡೆಯಲ್ಲಿ ಮೇಲಿರುವುದು ಗಾಳಿ ತುಂಬಿದ ಜಾಗ. ಸಿಸ್ಟ್ ಸಲೀಸಾಗಿ ಸೈನಸ್‌ನ ತಳವನ್ನು ಎತ್ತಿಕೊಂಡು ಮೇಲೇರುತ್ತದೆ.

ಸಿಸ್ಟ್ ಆಗದೆಯೂ ಹಲ್ಲು ಸೈನಸ್ಸನ್ನು ಕೆಡಿಸಬಲ್ಲದು ಎಂಬುದನ್ನೂ ಸೇರಿಸಬೇಕು. ಬೇರಿನ ತುದಿಯ ಸೋಂಕು ತೆಳುಮೂಳೆಯ ಮೂಲಕ ಲೋಳೆಪೊರೆಯನ್ನು ತಲುಪಿದರೆ ಪೊರೆ ದಪ್ಪಗಾಗುತ್ತದೆ, ಅದರಡಿ ದ್ರವ ಸೇರಿ ಹುಸಿ ಸಿಸ್ಟ್ ಏಳಬಹುದು, ಕೊನೆಗೆ ಸೈನಸ್ ತುಂಬ ಕೀವಾಗಬಹುದು. ನಿಮ್ಮಲ್ಲಿ ಆಗಿರುವುದು ಇವೆರಡರಲ್ಲಿ ಯಾವುದು ಎಂದು ಪತ್ರ ಓದಿ ಹೇಳಲಾಗದು. ಎರಡರಲ್ಲೂ ಮೂಲ ಹಲ್ಲೇ.

‘ಹಲ್ಲು ನೋಯಲಿಲ್ಲವಲ್ಲ’ ಎನ್ನುತ್ತೀರಿ. ನೋಯಬೇಕಾದ ನರ ಏಳು ವರ್ಷಗಳ ಹಿಂದೆಯೇ ಹೋಗಿದೆ. ಹಲ್ಲಿನ ಬೇರಿನ ಕೀವು ಜೀವ ಹಿಂಡುವುದು ಅದು ಮೂಳೆಯೊಳಗೆ ಸಿಕ್ಕಿಬಿದ್ದು ಒತ್ತಡ ಹೆಚ್ಚಿದಾಗ. ಸೈನಸ್‌ನ ಕಡೆಗೆ ದಾರಿ ಮಾಡಿಕೊಂಡ ಕೀವಿಗೆ ಒತ್ತಡವೇ ಇಲ್ಲ. ಅದು ಮೂಗಿನಿಂದ ಹರಿದುಹೋಗುತ್ತಿರುತ್ತದೆ. ಹೀಗಾಗಿ ಹಲ್ಲಿನಿಂದ ಬಂದ ಸೈನಸ್ ಸೋಂಕಿನಲ್ಲಿ ಹಲ್ಲುನೋವು ಇಲ್ಲದಿರುವುದೇ ಹೆಚ್ಚು. ಒಂದೇ ಕಡೆಯ ಹೊಳ್ಳೆ, ಕೊಳೆತ ವಾಸನೆ, ಅದೇ ಬದಿಯಲ್ಲಿ ಕೆಲಸ ಮಾಡಿಸಿದ ದವಡೆಹಲ್ಲು: ಈ ಮೂರೂ ಸೇರಿದರೆ ನಾನು ಮೊದಲು ನೋಡಲು ಹೇಳುವುದು ಹಲ್ಲನ್ನು. ಆ ವಾಸನೆ ಬಾಯಿಯ ಸೋಂಕುಗಳಲ್ಲಿರುವ, ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳದ್ದು. ಸಾಮಾನ್ಯ ಅಲರ್ಜಿಯ ಸೈನಸ್ ತೊಂದರೆ ಎರಡೂ ಬದಿಗೆ ಬರುತ್ತದೆ, ಅದಕ್ಕೆ ಈ ವಾಸನೆ ಇರುವುದಿಲ್ಲ.

ಈಗ ಬಯಾಪ್ಸಿ ತುಣುಕುಗಳನ್ನು ಪರೀಕ್ಷಿಸುವ ನನ್ನ ಕೆಲಸದ ಮೇಜಿಗೆ ಬರುತ್ತೇನೆ, ಏಕೆಂದರೆ ನಿಮ್ಮ ಭಯ ಹುಟ್ಟಿದ್ದು ಅಲ್ಲಿಂದ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ನಮಗೆ ಬರುತ್ತದೆ. ಅದನ್ನು ಆಲ್ಕೋಹಾಲ್ ಮತ್ತು ಝೈಲಿನ್‌ಗಳಲ್ಲಿ ಹಾಯಿಸಿ, ಕರಗಿದ ಮೇಣದಲ್ಲಿ ಕೂರಿಸಿ, ಗಟ್ಟಿಯಾದ ಮೇಲೆ ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು ತೆಳ್ಳಗೆ ಕತ್ತರಿಸಿ, ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತೇವೆ. ಜೀವಕೋಶಗಳ ಕೇಂದ್ರ ನೀಲಿ, ಉಳಿದದ್ದು ಗುಲಾಬಿ.

ಆರೋಗ್ಯವಂತ ಸೈನಸ್ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಒಂದು ಸಂತೋಷ. ಸುಮಾರು ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಪೊರೆ. ಮೇಲ್ಮೈಯಲ್ಲಿ ಉದ್ದನೆಯ ಜೀವಕೋಶಗಳ ಸಾಲು, ಅವುಗಳ ನೆತ್ತಿಯಲ್ಲಿ ಸಿಲಿಯಾ ಎಂಬ ಸೂಕ್ಷ್ಮ ರೋಮಗಳು, ಅಲ್ಲಲ್ಲಿ ಲೋಳೆ ತುಂಬಿ ಉಬ್ಬಿದ ಗಾಬ್ಲೆಟ್ ಕೋಶಗಳು. ಈ ರೋಮಗಳ ಕೆಲಸ ಸುಲಭದ್ದಲ್ಲ. ಸೈನಸ್‌ನ ಬಾಯಿ ಇರುವುದು ತಳದಲ್ಲಲ್ಲ, ಒಳಗೋಡೆಯ ಮೇಲ್ಭಾಗದಲ್ಲಿ. ನಿಂತಿರುವಾಗಲೂ ಲೋಳೆಯನ್ನು ಅವು ತಳದಿಂದ ಮೇಲಕ್ಕೆ ತಳ್ಳಿಕೊಂಡು ಹೋಗಿ ಆ ಸಣ್ಣ ಬಾಯಿಯಿಂದ ಹೊರಹಾಕಬೇಕು.

ಉರಿಯೂತ ಶುರುವಾದಾಗ ಮೊದಲು ಪೊರೆ ನೀರು ಕುಡಿದು ಊದಿಕೊಳ್ಳುತ್ತದೆ. ಗಾಬ್ಲೆಟ್ ಕೋಶಗಳು ಹೆಚ್ಚಾಗುತ್ತವೆ, ಲೋಳೆ ಹೆಚ್ಚುತ್ತದೆ. ಜೀವಕೋಶಗಳು ಕುಳಿತಿರುವ ತಳಪದರ ದಪ್ಪಗಾಗುತ್ತದೆ. ಅದರಡಿ ಲಿಂಫೊಸೈಟ್ ಮತ್ತು ಪ್ಲಾಸ್ಮಾ ಎಂಬ ರೋಗನಿರೋಧಕ ಕೋಶಗಳು ಬಂದು ತುಂಬುತ್ತವೆ. ವರದಿಯಲ್ಲಿ ‘ದೀರ್ಘಕಾಲದ ಉರಿಯೂತ’ ಎಂದು ಬರೆಯುವುದು ಇವುಗಳನ್ನು ಕಂಡೇ. ಬಹಳ ದಿನ ಹೀಗೇ ಇದ್ದರೆ ಅಲ್ಲಲ್ಲಿ ನಾರಿನಂಶ ಬೆಳೆಯುತ್ತದೆ. ಮೇಲ್ಮೈಯಲ್ಲಿ ಇನ್ನೊಂದು ಬದಲಾವಣೆ ಆಗುತ್ತದೆ: ಹೊಸದಾಗಿ ಹುಟ್ಟುವ ಕೋಶಗಳು ರೋಮವಿರುವ ಉದ್ದನೆಯ ಕೋಶಗಳಾಗುವ ಬದಲು, ಬಾಯಿಯ ಒಳಮೈಯಲ್ಲಿರುವಂಥ ಚಪ್ಪಟೆ ಕೋಶಗಳ ಪದರಗಳಾಗುತ್ತವೆ. ನಿಮ್ಮ ವರದಿಯ ಸ್ಕ್ವಾಮಸ್ ಮೆಟಾಪ್ಲೇಸಿಯಾ ಇದೇ. ಗುದ್ದಲಿ ಹಿಡಿಯುವ ಅಂಗೈ ಜಡ್ಡುಗಟ್ಟುವುದಿಲ್ಲವೇ, ಹಾಗೆ ಕಿರುಕುಳ ತಾಳಿಕೊಳ್ಳಲು ಅಂಗಾಂಶ ಮಾಡಿಕೊಂಡ ವ್ಯವಸ್ಥೆ ಅದು. ಕಿರುಕುಳ ನಿಂತರೆ ಸಾಮಾನ್ಯವಾಗಿ ಹಿಂದಿನ ರೂಪಕ್ಕೆ ಮರಳುತ್ತದೆ.

ಆದರೆ ಈ ವ್ಯವಸ್ಥೆಗೆ ಬೆಲೆ ಇದೆ. ಚಪ್ಪಟೆ ಕೋಶಗಳಿಗೆ ರೋಮಗಳಿಲ್ಲ. ಅಷ್ಟು ಜಾಗದಲ್ಲಿ ಲೋಳೆ ಮೇಲಕ್ಕೆ ಸಾಗುವುದಿಲ್ಲ, ತಳದಲ್ಲೇ ನಿಲ್ಲುತ್ತದೆ, ನಿಂತಲ್ಲಿ ಸೋಂಕು ಬೆಳೆಯುತ್ತದೆ. ಹಾಗಾಗಿ ಮೆಟಾಪ್ಲೇಸಿಯಾವನ್ನು ಕಂಡು ಹೆದರಬೇಕಿಲ್ಲವಾದರೂ ಉದಾಸೀನ ಮಾಡುವಂತೆಯೂ ಇಲ್ಲ. ನೀವು ವರದಿಯಲ್ಲಿ ಹುಡುಕಬೇಕಾದ ಪದ ಬೇರೆ: ಡಿಸ್‌ಪ್ಲೇಸಿಯಾ. ಕೋಶಗಳ ಗಾತ್ರ, ಆಕಾರ, ಜೋಡಣೆ ಹದ ತಪ್ಪಿದಾಗ ನಾವು ಅದನ್ನು ಬರೆಯುತ್ತೇವೆ, ಬರೆದರೆ ಮುಂದಿನ ದಾರಿಯೇ ಬೇರೆ. ನೀವು ಉಲ್ಲೇಖಿಸಿದ ಸಾಲಿನಲ್ಲಿ ಅದಿಲ್ಲ. ಇಡೀ ವರದಿಯನ್ನು ಒಮ್ಮೆ ನಿಮ್ಮ ವೈದ್ಯರ ಜೊತೆ ಕುಳಿತು ಓದಿಸಿಕೊಳ್ಳಿ. ದವಡೆ ಸಿಸ್ಟ್‌ನ ಒಳಪದರದಲ್ಲಿ ಕ್ಯಾನ್ಸರ್ ಹುಟ್ಟುವುದು ಇಲ್ಲವೇ ಇಲ್ಲ ಎನ್ನಲಾರೆ. ಬಹಳ ಅಪರೂಪ, ಮತ್ತು ತೆಗೆದ ಪ್ರತಿ ತುಣುಕನ್ನೂ ಪರೀಕ್ಷೆಗೆ ಕಳುಹಿಸಲೇಬೇಕು ಎನ್ನುವುದು ಆ ಅಪರೂಪಕ್ಕಾಗಿಯೇ.

ಕೊಲೆಸ್ಟರಾಲ್ ಕ್ಲೆಫ್ಟ್ ಎಂದೊಡನೆ ನೀವು ರಕ್ತಪರೀಕ್ಷೆಗೆ ಹೊರಟಿರಬಹುದು. ರಕ್ತದ ಕೊಬ್ಬಿಗೂ ಇದಕ್ಕೂ ನಂಟಿಲ್ಲ. ಸತ್ತು ಒಡೆದ ಜೀವಕೋಶಗಳ ಪೊರೆಯಲ್ಲಿದ್ದ ಕೊಲೆಸ್ಟರಾಲ್ ಹರಳುಗಟ್ಟಿ ಅಂಗಾಂಶದಲ್ಲಿ ಉಳಿಯುತ್ತದೆ. ನಮ್ಮ ಆಲ್ಕೋಹಾಲ್ ಮತ್ತು ಝೈಲಿನ್ ಆ ಹರಳುಗಳನ್ನು ಕರಗಿಸಿಬಿಡುತ್ತವೆ. ಗಾಜಿನ ಮೇಲೆ ಕಾಣುವುದು ಹರಳಲ್ಲ, ಹರಳು ಇದ್ದ ಜಾಗ: ಸೂಜಿಯಂತೆ ಚೂಪಾದ ಬಿಳಿ ಖಾಲಿ ಸೀಳುಗಳು, ಅವುಗಳ ಅಂಚನ್ನು ತಬ್ಬಿ ನಿಂತ ಬಹುಕೇಂದ್ರದ ದೈತ್ಯಕೋಶಗಳು. ಹಲ್ಲಿನ ಸಿಸ್ಟ್‌ನಲ್ಲಿ ಇವು ಸಾಮಾನ್ಯ. ಬೇರಿನ ಸಿಸ್ಟ್‌ನ ದ್ರವವನ್ನು ಸಿರಿಂಜಿನಲ್ಲಿ ಎಳೆದು ಬೆಳಕಿಗೆ ಹಿಡಿದರೆ ಕೆಲವೊಮ್ಮೆ ಮಿನುಗುವುದು ಈ ಹರಳುಗಳಿಂದಲೇ. ಆದರೆ ದೀರ್ಘಕಾಲ ಕೆಟ್ಟ ಸೈನಸ್‌ನಲ್ಲೂ ಇವು ಸಿಗುತ್ತವೆ. ಆದ್ದರಿಂದ ಇವುಗಳನ್ನಷ್ಟೇ ನಂಬಿ ‘ಹಲ್ಲಿನದೇ’ ಎಂದು ಸಹಿ ಹಾಕಲಾರೆ.

ಇಲ್ಲಿಯೇ ನಮ್ಮ ಶಾಸ್ತ್ರದ ಒಂದು ಇಕ್ಕಟ್ಟು ಇದೆ. ಸೈನಸ್‌ನ ಪೊರೆ ಕೆರಳಿದಾಗ ಬಾಯಿಯ ಪೊರೆಯ ರೂಪ ತಾಳುತ್ತದೆ ಎಂದೆ. ಅದರ ತಿರುವುಮುರುವೂ ಆಗುತ್ತದೆ. ಹಲ್ಲಿನ ಬೇರಿನ ಸಿಸ್ಟ್‌ಗೆ ಇರಬೇಕಾದದ್ದು ಚಪ್ಪಟೆ ಕೋಶಗಳ ಒಳಪದರ. ಸೈನಸ್‌ಗೆ ಸಮೀಪದ ಸಿಸ್ಟ್‌ಗಳಲ್ಲಿ ಅದೇ ಪದರದ ನಡುವೆ ಲೋಳೆಕೋಶಗಳೂ ರೋಮವಿರುವ ಕೋಶಗಳೂ ಕಾಣಿಸಿಕೊಳ್ಳುತ್ತವೆ. ಎರಡೂ ಕಡೆಯ ಪೊರೆಗಳು ಹೀಗೆ ವೇಷ ಬದಲಿಸಿಕೊಂಡ ಮೇಲೆ, ಎಂಡೋಸ್ಕೋಪಿಯಲ್ಲಿ ಚೂರುಚೂರಾಗಿ ಬಂದ ತುಣುಕನ್ನು ನೋಡಿ ಹುಟ್ಟೂರು ಹೇಳುವುದು ಹೇಗೆ? ಬಾಗಿದ ಕಡ್ಡಿಗಳಂತೆ ಹೊಳೆಯುವ ರಶ್ಟನ್ ಕಾಯಗಳು ಕಂಡರೆ ಹಲ್ಲಿನ ಮೂಲ ಎಂದು ಧೈರ್ಯವಾಗಿ ಬರೆಯಬಹುದು, ಆದರೆ ಅವು ಕೆಲವೇ ಸಿಸ್ಟ್‌ಗಳಲ್ಲಿ ಸಿಗುತ್ತವೆ. ದವಡೆಯ ಇನ್ನೊಂದು ಬಗೆಯ ಸಿಸ್ಟ್ ಆದ ಕೆರಾಟೊಸಿಸ್ಟ್ ಮಾತ್ರ ತನ್ನ ಗುರುತು ತಾನೇ ಹೇಳುತ್ತದೆ: ಆರರಿಂದ ಎಂಟು ಕೋಶಗಳ ದಪ್ಪದ ಸಮನಾದ ಪದರ, ಅಲೆಯಲೆಯಾದ ಮೇಲ್ಮೈ, ತಳದಲ್ಲಿ ಶಿಸ್ತಾಗಿ ನಿಂತ ಕೋಶಗಳು. ಅದು ಮರಳಿ ಬರುವ ಸ್ವಭಾವದ್ದು. ನಿಮ್ಮ ವರದಿಯಲ್ಲಿ ಅದರ ಸುಳಿವಿಲ್ಲ.

ಈ ಇಕ್ಕಟ್ಟಿನಿಂದ ಪಾರಾಗಲು ನಮಗೆ ಬೇಕಾದದ್ದು ಎಕ್ಸ್‌ರೇ ಮತ್ತು ಹಲ್ಲಿನ ಮಾಹಿತಿ. ಬಯಾಪ್ಸಿಯ ಜೊತೆ ಬರುವ ಅರ್ಜಿಯಲ್ಲಿ ಬಹಳ ಸಲ ‘ಬಲ ಸೈನಸ್ ಸಿಸ್ಟ್’ ಎಂಬ ಮೂರು ಪದ ಬಿಟ್ಟು ಬೇರೇನೂ ಇರುವುದಿಲ್ಲ. ಯಾವ ಹಲ್ಲಿಗೆ ಏನಾಗಿದೆ ಎಂದು ಒಂದು ಸಾಲು ಬರೆದಿದ್ದರೆ ವರದಿಯ ಅರ್ಥವೇ ಬದಲಾಗುತ್ತಿತ್ತು ಎನ್ನುವಂಥವು ಎಷ್ಟೋ. ಇದು ನನ್ನ ಹಳೆಯ ತಕರಾರು.

ಸ್ಕ್ಯಾನ್‌ನಲ್ಲಿ ನೋಡಬೇಕಾದದ್ದು ಒಂದು ಬಿಳಿ ಗೆರೆ. ಸೈನಸ್‌ನ ತಳದ ಮೂಳೆ ಎಕ್ಸ್‌ರೇಯಲ್ಲಿ ತೆಳುವಾದ ಬಿಳಿ ಗೆರೆಯಾಗಿ ಕಾಣುತ್ತದೆ. ಆ ಗೆರೆ ಗುಮ್ಮಟದ ಅಡಿಯಲ್ಲಿ ತನ್ನ ಪಾಡಿಗೆ ನೆಟ್ಟಗಿದ್ದರೆ, ಗುಮ್ಮಟ ಸೈನಸ್‌ನ ಪೊರೆಯದ್ದು. ಗೆರೆ ಗುಮ್ಮಟದ ನೆತ್ತಿಯ ಮೇಲೆ ಟೋಪಿಯಾಗಿ ಏರಿದ್ದರೆ, ಸಿಸ್ಟ್ ಕೆಳಗಿನಿಂದ, ಅಂದರೆ ಹಲ್ಲಿನಿಂದ, ಮೂಳೆಯನ್ನು ಎತ್ತಿಕೊಂಡು ಬಂದಿದೆ. ಸಿಸ್ಟ್ ತೀರಾ ಹಳೆಯದಾದರೆ ಟೋಪಿ ಸವೆದು ಅಲ್ಲಲ್ಲಿ ಹರಿದಿರುತ್ತದೆ. ಒಪಿಜಿಯಲ್ಲಿ ಇದು ಯಾವಾಗಲೂ ಸ್ಪಷ್ಟವಾಗುವುದಿಲ್ಲ, ಏಕೆಂದರೆ ಕೆನ್ನೆಮೂಳೆ, ಅಂಗುಳ, ಬೇರುಗಳು ಒಂದರ ಮೇಲೊಂದು ಬೀಳುತ್ತವೆ. ಹಲ್ಲಿನ ಭಾಗಕ್ಕೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬೇಕು. ಶಸ್ತ್ರಚಿಕಿತ್ಸೆಗೆ ಮುಂಚಿನ ಸಿಟಿ ನಿಮ್ಮಲ್ಲೇ ಇದ್ದರೆ ಮೊದಲು ಅದನ್ನೇ ದಂತವೈದ್ಯರಿಗೆ ತೋರಿಸಿ. ಸೈನಸ್‌ಗೆಂದು ತೆಗೆದ ಸಿಟಿಯಲ್ಲಿ ಹಲ್ಲಿನ ಬೇರುಗಳೂ ಸೆರೆಯಾಗಿರುತ್ತವೆ. ಯಾರೂ ಅತ್ತ ಕಣ್ಣು ಹಾಯಿಸಿರುವುದಿಲ್ಲ.

ಮೇಲಿನ ಮೊದಲ ದವಡೆಹಲ್ಲಿನ ಬಗ್ಗೆ ವಿಶೇಷವಾಗಿ ಒಂದು ಮಾತು. ಇದಕ್ಕೆ ಮೂರು ಬೇರು, ಆದ್ದರಿಂದ ಮೂರು ಕಾಲುವೆ ಎಂದುಕೊಂಡರೆ ತಪ್ಪಾಗುತ್ತದೆ. ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ಬಹುಪಾಲು ಜನರಿಗೆ ಎರಡು ಕಾಲುವೆಗಳಿರುತ್ತವೆ. ಆ ಎರಡನೆಯದು ಸಣ್ಣದು, ಬಾಯಿ ಮುಚ್ಚಿಕೊಂಡಿರುತ್ತದೆ, ಸೂಕ್ಷ್ಮದರ್ಶಕವಿಲ್ಲದೆ ಸಿಗುವುದು ಕಷ್ಟ. ಚೊಕ್ಕವಾಗಿ ಮಾಡಿದ ರೂಟ್ ಕೆನಾಲ್ ಕೂಡ ವರ್ಷಗಳ ನಂತರ ಸೋಲುವುದಕ್ಕೆ ಇದು ಬಹಳ ಸಾಮಾನ್ಯ ಕಾರಣ. ನಿಮ್ಮ ಹಳೆಯ ದಂತವೈದ್ಯರ ಮೇಲೆ ಸಿಟ್ಟಾಗುವ ಮುನ್ನ ಇದನ್ನು ನೆನಪಿಡಿ. ಬೇರಿನ ತುದಿಯಿಂದ ತುಂಬುವ ಸಾಮಗ್ರಿ ಸೈನಸ್‌ಗೆ ಜಾರಿದೆಯೇ ಎಂಬುದನ್ನೂ ನೋಡಬೇಕು. ಸತುವಿನ ಆಕ್ಸೈಡ್ ಇರುವ ಸಾಮಗ್ರಿಯ ಸುತ್ತ ಆಸ್ಪರ್ಜಿಲ್ಲಸ್ ಶಿಲೀಂಧ್ರದ ಉಂಡೆ ಬೆಳೆಯುವುದುಂಟು. 2021ರಲ್ಲಿ ಕರ್ನಾಟಕವೂ ಕಂಡ ಕಪ್ಪು ಶಿಲೀಂಧ್ರದ ನೆನಪು ನಿಮಗೆ ಬರಬಹುದು. ಅದು ಮ್ಯೂಕರ್, ಬೇರೆಯೇ ಕಾಯಿಲೆ, ದಿನಗಳ ಲೆಕ್ಕದಲ್ಲಿ ಮೂಳೆ ಕೊಳೆಸುವಂಥದ್ದು. ಎರಡು ವರ್ಷ ನಿಧಾನವಾಗಿ ನಡೆದ ನಿಮ್ಮ ತೊಂದರೆ ಅದಲ್ಲ.

ಮುಂದೇನು? ಸಿಬಿಸಿಟಿ ಆಗಲಿ. ಅಕ್ಕಪಕ್ಕದ ಹಲ್ಲುಗಳ ನರ ಜೀವಂತವಾಗಿದೆಯೇ ಎಂದು ತಣ್ಣನೆಯ ಪರೀಕ್ಷೆಯಿಂದ ನೋಡಲಿ. ಕ್ಯಾಪ್ ಹಾಕಿದ ಹಲ್ಲನ್ನು ಶಂಕಿಸುತ್ತಾ ಪಕ್ಕದ ಸತ್ತ ಹಲ್ಲನ್ನು ಬಿಟ್ಟುಬಿಡುವುದು ಸುಲಭ. ಹಲ್ಲು ಗಟ್ಟಿಯಾಗಿದ್ದು ಬೇರು ಬಿರುಕು ಬಿಟ್ಟಿಲ್ಲವಾದರೆ ಕೀಳುವುದೊಂದೇ ದಾರಿಯಲ್ಲ. ಬೇರುಚಿಕಿತ್ಸಾ ತಜ್ಞರು ಮತ್ತೆ ಕಾಲುವೆಗಳನ್ನು ತೆರೆದು ಶುಚಿ ಮಾಡಬಹುದು, ಬೇಕಾದರೆ ಬೇರಿನ ತುದಿಯನ್ನು ಕತ್ತರಿಸಿ ತೆಗೆಯಬಹುದು. ಕೇವಲ ಪೊರೆ ದಪ್ಪಗಾಗಿದ್ದರೆ ಹಲ್ಲು ಸರಿಯಾದ ಮೇಲೆ ಕೆಲವು ತಿಂಗಳಲ್ಲಿ ಅದು ಇಳಿಯುತ್ತದೆ. ದೊಡ್ಡ ಸಿಸ್ಟ್ ಉಳಿದಿದ್ದರೆ, ಬೇರು ಸೀಳಿದ್ದರೆ ಅಥವಾ ಮೂಳೆ ಹೋಗಿದ್ದರೆ ಕೀಳಿಸುವುದೇ ಲೇಸು. ಕೀಳಿಸುವುದಾದರೆ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಕರಲ್ಲಿ ಮಾಡಿಸಿ, ಏಕೆಂದರೆ ಸೈನಸ್‌ಗೆ ತೂತು ಬೀಳುವ ಸಾಧ್ಯತೆ ಇದೆ. ಎರಡು ಮಿಲಿಮೀಟರಿಗಿಂತ ಸಣ್ಣ ತೂತು ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಐದಕ್ಕಿಂತ ದೊಡ್ಡದಾದರೆ ಒಸಡನ್ನು ಎಳೆದು ಹೊಲಿದು ಮುಚ್ಚಬೇಕಾಗುತ್ತದೆ. ಆಮೇಲೆ ಎರಡು ವಾರವಾದರೂ ಸಿಂಬಳ ತೆಗೆಯಲು ಮೂಗನ್ನು ಜೋರಾಗಿ ಊದಬೇಡಿ. ಸೀನು ಬಂದರೆ ಬಾಯಿ ತೆರೆದೇ ಸೀನಿ. ಬೇರಿನ ತುದಿಯಿಂದ ತೆಗೆದ ಅಂಗಾಂಶವನ್ನು ಹಿಂದಿನ ಸ್ಲೈಡ್ ನೋಡಿದ ಪ್ರಯೋಗಾಲಯಕ್ಕೇ, ಹಲ್ಲಿನ ವಿವರ ಬರೆದು, ಎಕ್ಸ್‌ರೇ ಸಮೇತ ಕಳುಹಿಸಲು ಹೇಳಿ. ಹಳೆಯ ಮೇಣದ ಬ್ಲಾಕ್ ಅವರಲ್ಲಿ ಇರುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಇಎನ್‌ಟಿ ವೈದ್ಯರನ್ನು ಬಿಡಬೇಡಿ, ಸೈನಸ್‌ನ ಬಾಯಿ ತೆರೆದಿದೆಯೇ ಎಂದು ಅವರೇ ನೋಡಬೇಕು. ಆಂಟಿಬಯಾಟಿಕ್ ನುಂಗಿ ವಾಸನೆ ಹೋಯಿತೆಂದು ಸುಮ್ಮನಾಗುವುದನ್ನು ಮಾತ್ರ ಮಾಡಬೇಡಿ. ಮೂಲ ಇರುವವರೆಗೆ ಅದು ಮರಳುತ್ತದೆ.

ಕೆನ್ನೆ ಅಥವಾ ಮೇಲ್ದುಟಿ ಮರಗಟ್ಟುವುದು, ಹಲ್ಲುಗಳು ಕಾರಣವಿಲ್ಲದೆ ಅಲುಗಾಡುವುದು, ಮೂಗಿನಿಂದ ಪದೇಪದೇ ರಕ್ತ, ಕಣ್ಣು ಉಬ್ಬುವುದು ಅಥವಾ ಎರಡೆರಡಾಗಿ ಕಾಣುವುದು, ಅಂಗುಳ ಊದುವುದು: ಇವುಗಳಲ್ಲಿ ಯಾವುದಾದರೂ ಕಂಡರೆ ಮೇಲಿನ ಸರದಿಯನ್ನೆಲ್ಲ ಬಿಟ್ಟು ಆ ವಾರವೇ ವೈದ್ಯರನ್ನು ನೋಡಿ.

ಇನ್ನು ಮಗಳು. ವಂಶದ ಮಾತು ಮರೆತುಬಿಡಿ. ಅವಳ ಕೆನ್ನೆ ನೋಯುತ್ತಿಲ್ಲ, ಮೂಗು ಸೋರುತ್ತಿಲ್ಲ, ಮೇಲಿನ ದವಡೆಹಲ್ಲುಗಳಲ್ಲಿ ಹುಳುಕಿಲ್ಲ, ಗುಮ್ಮಟದಡಿಯ ಬಿಳಿ ಗೆರೆ ನೆಟ್ಟಗಿದೆ ಎಂದಾದರೆ ಅದು ಹುಸಿ ಸಿಸ್ಟ್. ಅದಕ್ಕೆ ಚಿಕಿತ್ಸೆ ಬೇಡ. ಒಂದು ವಿಷಯವನ್ನು ಮಾತ್ರ ಕ್ಲಿಪ್ ಹಾಕುವ ವೈದ್ಯರನ್ನು ಕೇಳಿ: ಮೂಳೆಯೊಳಗೆ ಸಿಕ್ಕಿಕೊಂಡ, ಹುಟ್ಟದ ಹಲ್ಲು ಆ ಬದಿಯಲ್ಲಿ ಇದೆಯೇ ಎಂದು. ಅಂಥ ಹಲ್ಲಿನ ಕಿರೀಟದ ಸುತ್ತ ಸಿಸ್ಟ್ ಬೆಳೆದು ಹಲ್ಲನ್ನೇ ಸೈನಸ್‌ನ ಮೇಲ್ಭಾಗಕ್ಕೆ ತಳ್ಳುವುದುಂಟು. ಅದು ಒಪಿಜಿಯಲ್ಲಿ ಅಡಗಿಕೊಳ್ಳುವಂಥದ್ದಲ್ಲ. ಇಲ್ಲವೆಂದರೆ ಕ್ಲಿಪ್ ಕೆಲಸ ಮುಂದುವರಿಯಲಿ. ಚಿಕಿತ್ಸೆ ಮುಗಿದಾಗ ಹೇಗೂ ಇನ್ನೊಂದು ಒಪಿಜಿ ತೆಗೆಯುತ್ತಾರೆ, ಆಗ ಹಳೆಯದರ ಪಕ್ಕದಲ್ಲಿಟ್ಟು ನೋಡಿದರೆ ಸಾಕು. ಈ ಗುಮ್ಮಟಕ್ಕಾಗಿಯೇ ಅವಳಿಗೆ ಸಿಟಿ ತೆಗೆಸಬೇಡಿ.